ಎದುರಾಳಿಗೂ ಪಾಲು ಕೊಡಿ: ಕಾಲೇಜು ಫುಟ್‌ಬಾಲ್ ನಡೆಸುವವರಿಗೆ ಬಹಿರಂಗ ಪತ್ರ

ಬಿಗ್ ಟೆನ್ ಕಾನ್ಫರೆನ್ಸಿನ ಕಮಿಷನರ್ ಟೋನಿ ಪೆಟಿಟಿ ಅವರಿಗೆ, ಎಸ್‌ಇಸಿ ಕಮಿಷನರ್ ಗ್ರೆಗ್ ಸ್ಯಾಂಕಿ ಅವರಿಗೆ, ಈ ಎರಡು ಕಾನ್ಫರೆನ್ಸ್‌ಗಳಿಗೆ ಸೇರಿದ 34 ವಿಶ್ವವಿದ್ಯಾಲಯಗಳ ಅಧ್ಯಕ್ಷರಿಗೆ

ಮಾನ್ಯರೇ,

ಮುಂದಿನ ಸೀಸನ್ನಿಗೆ ಟಿಕೆಟ್ ನವೀಕರಿಸಿಕೊಳ್ಳಿ ಎಂಬ ಪತ್ರ ನನಗೂ ಬಂದಿದೆ. ಬೆಲೆ ಮತ್ತೆ ಏರಿದೆ. ಅದಕ್ಕೆ ಕೊಟ್ಟಿರುವ ಕಾರಣ ಒಂದೇ: ಇನ್ನು ಮೇಲೆ ಆಟಗಾರರಿಗೆ ಹಣ ಕೊಡಬೇಕಾಗಿದೆ, ಅಭಿಮಾನಿಗಳೂ ಭಾರ ಹೊರಬೇಕು. ಇದು ಅರ್ಧ ಸತ್ಯ. ಉಳಿದ ಅರ್ಧ, ನೀವು ನೀವೇ ಹಣ ಹಂಚಿಕೊಳ್ಳುವ ರೀತಿಯಲ್ಲಿದೆ. ಅದರ ಬಗ್ಗೆ ಯಾವ ಟಿಕೆಟ್ ಪತ್ರವೂ ಮಾತಾಡುವುದಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ.

ಇದರ ಇಂಗ್ಲಿಷ್ ಪ್ರತಿಯನ್ನು ನಿಮ್ಮ ಕಚೇರಿಗಳಿಗೆ ಪ್ರತ್ಯೇಕವಾಗಿ ಕಳಿಸುತ್ತಿದ್ದೇನೆ. ಕನ್ನಡದಲ್ಲಿ ಪ್ರಕಟಿಸುತ್ತಿರುವುದು ನನ್ನ ಜನರಿಗಾಗಿ. ಬೆಂಗಳೂರು, ಹುಬ್ಬಳ್ಳಿ, ಮಂಗಳೂರು ಕಡೆಯಿಂದ ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಮಾಡಿ ಎಂ.ಎಸ್. ಓದಲು ಬರುವ ಮಕ್ಕಳು ಅಮೆರಿಕದ ಸಣ್ಣ ದೊಡ್ಡ ವಿಶ್ವವಿದ್ಯಾಲಯಗಳಲ್ಲೆಲ್ಲ ಇದ್ದಾರೆ. ಇಲ್ಲೇ ನೆಲೆಸಿ ಮಗನನ್ನೋ ಮಗಳನ್ನೋ ತಮ್ಮ ರಾಜ್ಯದ ಕಾಲೇಜಿಗೆ ಸೇರಿಸಿರುವ ಕುಟುಂಬಗಳೂ ಇವೆ. ಫೀಸಿನ ಬಿಲ್ಲಿನಲ್ಲಿ ಅಥ್ಲೆಟಿಕ್ಸ್ ಎಂಬ ಒಂದು ಸಾಲು ಕಂಡರೆ, ಕಟ್ಟಲೇಬೇಕಾದದ್ದು ಎಂದುಕೊಂಡು ಕಟ್ಟಿಬಿಡುತ್ತಾರೆ. ಆ ಸಾಲಿನ ಹಿಂದೆ ಏನಿದೆ ಎಂಬುದು ಅವರಿಗೂ ತಿಳಿಯಬೇಕು.

ಅವರಿಗಾಗಿ ಎರಡು ಮಾತು. ಇಲ್ಲಿ ಫುಟ್‌ಬಾಲ್ ಅಂದರೆ ಹೆಲ್ಮೆಟ್ ತೊಟ್ಟು, ಮೊಟ್ಟೆಯಾಕಾರದ ಚೆಂಡನ್ನು ತೋಳಲ್ಲಿ ಅವುಚಿಕೊಂಡು ಓಡುವ ಅಮೆರಿಕದ ಆಟ. ಭಾನುವಾರ ವೃತ್ತಿಪರ ಎನ್‌ಎಫ್‌ಎಲ್ ತಂಡಗಳದ್ದು, ಶನಿವಾರ ಕಾಲೇಜುಗಳದ್ದು. ಆನ್ ಆರ್ಬರ್‌ನ ಮಿಷಿಗನ್ ಸ್ಟೇಡಿಯಂನಲ್ಲಿ 1,07,601 ಜನ ಕೂರಬಹುದು. ಪೆನ್ ಸ್ಟೇಟ್‌ನ ಬೀವರ್ ಸ್ಟೇಡಿಯಂನಲ್ಲೂ ಲಕ್ಷಕ್ಕೆ ಮೀರಿ ಜಾಗವಿದೆ, ಅದು ಇರುವ ಊರಿನ ಜನಸಂಖ್ಯೆ ಅದರ ಅರ್ಧದಷ್ಟೂ ಇಲ್ಲ. ವಿಶ್ವವಿದ್ಯಾಲಯಗಳು ಗುಂಪು ಕಟ್ಟಿಕೊಂಡು ತಮ್ಮೊಳಗೇ ಪಂದ್ಯಗಳನ್ನು ಆಡುತ್ತವೆ, ಟಿವಿ ಹಕ್ಕನ್ನು ಒಟ್ಟಾಗಿ ಮಾರುತ್ತವೆ. ಆ ಗುಂಪಿಗೆ ಕಾನ್ಫರೆನ್ಸ್ ಎನ್ನುತ್ತಾರೆ. ಅವುಗಳಲ್ಲಿ ಅತಿ ಶ್ರೀಮಂತವಾದ ಎರಡು, ಬಿಗ್ ಟೆನ್ ಮತ್ತು ಎಸ್‌ಇಸಿ.

ಆಟಗಾರರ ಹಣದಿಂದಲೇ ಶುರು ಮಾಡುತ್ತೇನೆ. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಅವರು, ಆಟಗಾರರು ಹೂಡಿದ್ದ ‘ಹೌಸ್’ ಎಂಬ ಪ್ರಕರಣದ ರಾಜಿ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟರು. ಅದರಂತೆ ಆ ವರ್ಷದ ಜುಲೈ 1ರಿಂದ ವಿಶ್ವವಿದ್ಯಾಲಯಗಳು ತಮ್ಮ ಕ್ರೀಡಾ ವರಮಾನದಲ್ಲಿ ಆಟಗಾರರಿಗೆ ನೇರವಾಗಿ ಪಾಲು ಕೊಡಬಹುದು. ಮೊದಲ ವರ್ಷದ ಮಿತಿ ಒಂದು ವಿಶ್ವವಿದ್ಯಾಲಯಕ್ಕೆ ಸುಮಾರು 2.05 ಕೋಟಿ ಡಾಲರ್. ಹಿಂದಿನ ವರ್ಷಗಳಲ್ಲಿ ಆಡಿದವರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಪರಿಹಾರ. ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಮಂಡಿ ಮುರಿದುಕೊಂಡು, ತಲೆಗೆ ಪೆಟ್ಟು ತಿಂದು ಆ ಸ್ಟೇಡಿಯಂ ತುಂಬಿಸುವ ಹುಡುಗರಿಗೆ ದಶಕಗಳ ಕಾಲ ವಿದ್ಯಾರ್ಥಿವೇತನ ಬಿಟ್ಟು ಬೇರೇನೂ ಕೊಡದೆ ಇದ್ದದ್ದು ಅನ್ಯಾಯವಾಗಿತ್ತು.

ಆದರೆ ಬೆಲೆ ಏರಿಕೆಯ ತಪ್ಪನ್ನು ಆ ಹುಡುಗರ ತಲೆಗೆ ಕಟ್ಟುವುದು ಇನ್ನೊಂದು ಅನ್ಯಾಯ. ಟೆನೆಸ್ಸಿ ವಿಶ್ವವಿದ್ಯಾಲಯ 2025ರ ಸೀಸನ್ನಿನ ಟಿಕೆಟ್‌ಗಳ ಮೇಲೆ ಶೇ 10ರಷ್ಟು ‘ಟ್ಯಾಲೆಂಟ್ ಫೀ’ ಹೇರಿತು. ಸರಾಸರಿ ಶೇ 4.5ರ ಸಾಮಾನ್ಯ ಏರಿಕೆ ಬೇರೆ. ಇದನ್ನು ಘೋಷಿಸಿದ್ದು 2024ರ ಸೆಪ್ಟೆಂಬರ್‌ನಲ್ಲಿ, ಹೌಸ್ ಒಪ್ಪಂದಕ್ಕೆ ನ್ಯಾಯಾಲಯದ ಅಂತಿಮ ಒಪ್ಪಿಗೆ ಸಿಗುವ ಎಷ್ಟೋ ತಿಂಗಳು ಮೊದಲೇ. ರಸೀದಿಯಲ್ಲಿ ಆಟಗಾರನ ಹೆಸರಿನಲ್ಲಿ ಒಂದು ಶುಲ್ಕ ಕಂಡರೆ ಟಿಕೆಟ್ ಕೊಂಡವರ ಸಿಟ್ಟು ಯಾರ ಮೇಲೆ ತಿರುಗುತ್ತದೆ? ಕೋಚ್ ಸಂಬಳಕ್ಕಾಗಲಿ, ವಜಾ ಪರಿಹಾರಕ್ಕಾಗಲಿ ಹೀಗೆ ಹೆಸರಿಟ್ಟ ಶುಲ್ಕವನ್ನು ನಾನು ಕಂಡಿಲ್ಲ. ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯ 2023ರ ನವೆಂಬರ್‌ನಲ್ಲಿ ಕೋಚ್ ಜಿಂಬೊ ಫಿಶರ್ ಅವರನ್ನು ಕೆಲಸದಿಂದ ತೆಗೆದಾಗ, ಇನ್ನು ಕೋಚ್ ಆಗಿರದಿರುವುದಕ್ಕಾಗಿ ಅವರಿಗೆ ಕೊಡಬೇಕಾಗಿ ಬಂದ ಮೊತ್ತ ಸುಮಾರು 7.6 ಕೋಟಿ ಡಾಲರ್. ಈಗ ಆಟಗಾರರೆಲ್ಲರಿಗೂ ಸೇರಿಸಿ ನಿಗದಿಯಾಗಿರುವ ವಾರ್ಷಿಕ ಮಿತಿಯ ಮೂರೂವರೆ ಪಟ್ಟಿಗಿಂತ ಹೆಚ್ಚು, ಒಬ್ಬರಿಗೆ.

ಆಟಗಾರರಿಗೆ ವಿಶ್ವವಿದ್ಯಾಲಯ ಒಂದು ಡಾಲರ್ ಸಂಬಳವನ್ನೂ ಕೊಡದಿದ್ದ ಕಾಲದಲ್ಲೇ ಬೆಲೆಗಳು ಏರುತ್ತಿದ್ದವು. ಮಿಷಿಗನ್‌ನ ಉದಾಹರಣೆ ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಡೊಮಿನೋಸ್ ಪಿಜ್ಜಾ ಕಂಪನಿಯ ಮುಖ್ಯಸ್ಥರಾಗಿದ್ದ ಡೇವ್ ಬ್ರ್ಯಾಂಡನ್ ಅಲ್ಲಿ ಕ್ರೀಡಾ ನಿರ್ದೇಶಕರಾಗಿದ್ದರು. 2013ರಲ್ಲಿ ಬಿಡಿ ಪಂದ್ಯಗಳ ಟಿಕೆಟ್‌ಗೆ ಬೇಡಿಕೆ ನೋಡಿಕೊಂಡು ದಿನದಿಂದ ದಿನಕ್ಕೆ ಬದಲಾಗುವ ಡೈನಾಮಿಕ್ ಬೆಲೆ ಬಂತು. 2014ರಲ್ಲಿ ವಿದ್ಯಾರ್ಥಿಗಳ ಸೀಸನ್ ಟಿಕೆಟ್ 280 ಡಾಲರ್ ಇತ್ತು. ಸಾವಿರಾರು ವಿದ್ಯಾರ್ಥಿಗಳು ಕೊಳ್ಳುವುದನ್ನೇ ಬಿಟ್ಟರು. ಅದೇ ಸೀಸನ್ನಿನಲ್ಲಿ ಕೋಕ್ ಕೊಂಡವರಿಗೆ ಟಿಕೆಟ್ ಕೊಡುವ ಪ್ರಚಾರವೂ ನಡೆಯಿತು. ತಲೆಗೆ ಪೆಟ್ಟಾಗಿ ತೂರಾಡುತ್ತಿದ್ದ ಕ್ವಾರ್ಟರ್‌ಬ್ಯಾಕ್‌ನನ್ನು (ತಂಡದ ದಾಳಿ ನಡೆಸುವ ಆಟಗಾರನನ್ನು) ಮೈದಾನದಲ್ಲಿ ಬಿಟ್ಟದ್ದು ಕೊನೆಯ ಹುಲ್ಲುಕಡ್ಡಿಯಾಯಿತು. ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಅಧ್ಯಕ್ಷರ ಮನೆಯವರೆಗೆ ಮೆರವಣಿಗೆ ಹೋದರು. ಅಕ್ಟೋಬರ್ 31ರಂದು ಬ್ರ್ಯಾಂಡನ್ ರಾಜೀನಾಮೆ ಕೊಟ್ಟರು. 2015ರ ಸೀಸನ್ನಿಗೆ ವಿದ್ಯಾರ್ಥಿ ಟಿಕೆಟ್ 175 ಡಾಲರ್‌ಗೆ ಇಳಿಯಿತು, ವಿದ್ಯಾರ್ಥಿಗಳು ಮರಳಿದರು. ಹೊಸ ಕೋಚ್ ಜಿಮ್ ಹಾರ್‌ಬಾ ಬಂದ ಉತ್ಸಾಹದ ಪಾಲೂ ಅದರಲ್ಲಿತ್ತು, ಒಪ್ಪುತ್ತೇನೆ. ಆದರೆ ಲಕ್ಷ ಜನ ಕೂರುವ ಸ್ಟೇಡಿಯಂನಲ್ಲೂ ಬೆಲೆಗೆ ಒಂದು ಮೇಲ್ಮಿತಿ ಇದೆ ಎಂಬುದನ್ನು ಇಪ್ಪತ್ತು ವರ್ಷದ ಮಕ್ಕಳು ತೋರಿಸಿಕೊಟ್ಟರು.

ಟಿಕೆಟ್ಟಿನ ಮೇಲೆ ಮುದ್ರಿಸಿದ ಬೆಲೆ ಪೂರ್ತಿ ಬೆಲೆಯೂ ಅಲ್ಲ. ಒಳ್ಳೆಯ ಸಾಲಿನಲ್ಲಿ ಕೂರಬೇಕಾದರೆ ಮೊದಲು ‘ದೇಣಿಗೆ’ ಕೊಡಬೇಕು. ದೇಣಿಗೆ ಕೊಡದಿದ್ದರೆ ಸೀಟೇ ಇಲ್ಲ ಅಂದಮೇಲೆ ಅದು ದೇಣಿಗೆ ಹೇಗಾಯಿತು? ಆದರೂ 2017ರವರೆಗೆ ಅದರ ಶೇ 80 ಭಾಗಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇತ್ತು. ಅಂದರೆ ಒಂದು ಪಂದ್ಯವನ್ನೂ ನೋಡದವರ ತೆರಿಗೆಯೂ ನಿಮ್ಮ ಸ್ಟೇಡಿಯಂಗಳಿಗೆ ಗೊಬ್ಬರವಾಗಿತ್ತು. ಆ ವರ್ಷದ ತೆರಿಗೆ ಕಾನೂನು ವಿನಾಯಿತಿಯನ್ನು ತೆಗೆದುಹಾಕಿತು. ದೇಣಿಗೆಯ ಕಡ್ಡಾಯ ಮಾತ್ರ ಉಳಿಯಿತು.

ಈಗ ಹಂಚಿಕೆಯ ವಿಷಯಕ್ಕೆ ಬರುತ್ತೇನೆ. ನನ್ನ ಮುಖ್ಯ ಅಹವಾಲು ಇದೇ.

1984ರವರೆಗೆ ಕಾಲೇಜು ಫುಟ್‌ಬಾಲಿನ ಟಿವಿ ಹಕ್ಕು ಎನ್‌ಸಿಎಎ ಎಂಬ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆಯ ಕೈಯಲ್ಲಿತ್ತು. ಒಂದು ತಂಡ ಎರಡು ವರ್ಷಗಳಲ್ಲಿ ಆರು ಸಲಕ್ಕಿಂತ ಹೆಚ್ಚು ಟಿವಿಯಲ್ಲಿ ಕಾಣುವಂತಿರಲಿಲ್ಲ. ಓಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಕೋರ್ಟಿಗೆ ಹೋದವು. ಸುಪ್ರೀಂ ಕೋರ್ಟ್ 7–2 ಬಹುಮತದಿಂದ ಆ ಕಟ್ಟುಪಾಡನ್ನು ಹೊಡೆದುಹಾಕಿತು. ಭಿನ್ನಮತ ಬರೆದ ನ್ಯಾಯಮೂರ್ತಿ ಬೈರನ್ ವೈಟ್ ತಾವೇ ಕೊಲರಾಡೊ ವಿಶ್ವವಿದ್ಯಾಲಯಕ್ಕೆ ಫುಟ್‌ಬಾಲ್ ಆಡಿದ್ದವರು. ಇದನ್ನು ಬರೀ ವ್ಯಾಪಾರವೆಂಬಂತೆ ನೋಡಬಾರದು ಎಂಬುದು ಅವರ ವಾದವಾಗಿತ್ತು. ಆ ತೀರ್ಪಿನಿಂದ ನಮ್ಮಂಥ ನೋಡುಗರಿಗೆ ಲಾಭವೂ ಆಯಿತು, ಇವತ್ತು ಶನಿವಾರ ಬೆಳಗಿನಿಂದ ಮಧ್ಯರಾತ್ರಿವರೆಗೆ ಪಂದ್ಯಗಳು ಸಿಗುತ್ತವೆ. ಆದರೆ ಮಾರುವ ಹಕ್ಕಿನ ಜೊತೆಗೆ ಹಂಚುವ ಹೊಣೆ ಯಾರ ಮೇಲೂ ಬೀಳಲಿಲ್ಲ. ನಲವತ್ತು ವರ್ಷಗಳ ಆ ಕೊರತೆಯ ಫಲವನ್ನು ಪಡುವಣ ಕರಾವಳಿಯ ಪ್ಯಾಕ್–12 ಉಂಡಿತು.

ಆ ಕಾನ್ಫರೆನ್ಸಿನ ಬೇರು 1915ರಷ್ಟು ಹಳೆಯದು. 2022ರ ಜೂನ್ 30ರಂದು ಲಾಸ್ ಏಂಜಲಿಸ್‌ನ ಯುಎಸ್‌ಸಿ ಮತ್ತು ಯುಸಿಎಲ್‌ಎ ಬಿಗ್ ಟೆನ್‌ಗೆ ಹೋಗುವುದಾಗಿ ಸಾರಿದವು. ಅದೇ ಆಗಸ್ಟ್‌ನಲ್ಲಿ ಬಿಗ್ ಟೆನ್ ಫಾಕ್ಸ್, ಸಿಬಿಎಸ್, ಎನ್‌ಬಿಸಿಗಳ ಜೊತೆ ಏಳು ವರ್ಷಕ್ಕೆ 700 ಕೋಟಿ ಡಾಲರ್‌ಗೂ ಮಿಕ್ಕ ಒಪ್ಪಂದ ಮಾಡಿಕೊಂಡಿತು. ಮರುವರ್ಷ ಕೊಲರಾಡೊ ಹೊರಟಿತು. 2023ರ ಆಗಸ್ಟ್ 4ರಂದು ಒಂದೇ ದಿನ ಐದು ವಿಶ್ವವಿದ್ಯಾಲಯಗಳು ಕಾಲು ಕಿತ್ತವು: ಆರೆಗನ್, ವಾಷಿಂಗ್ಟನ್, ಆರಿಜೋನಾ, ಆರಿಜೋನಾ ಸ್ಟೇಟ್, ಯೂಟಾ. ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ, ಪೆಸಿಫಿಕ್ ದಡದಲ್ಲಿದ್ದೂ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿಗೆ (ಎಸಿಸಿ) ಸೇರಿದವು. ಅದೂ ಹಲವು ವರ್ಷ ಟಿವಿ ಹಣದಲ್ಲಿ ಪೂರ್ಣ ಪಾಲಿನ ಮೂರನೇ ಒಂದಕ್ಕಿಂತ ಕಡಿಮೆಗೆ ಒಪ್ಪಿಕೊಂಡು. ಡಲ್ಲಾಸಿನ ಎಸ್‌ಎಂಯು ಅದೇ ಕಾನ್ಫರೆನ್ಸಿಗೆ ಒಂಬತ್ತು ವರ್ಷ ಟಿವಿ ಹಣವೇ ಬೇಡವೆಂದು ಸೇರಿತು. ಹೊಸ್ತಿಲು ದಾಟಲು ಇಷ್ಟು ತೆರುತ್ತಾರೆ ಅಂದರೆ ಹೊರಗೆ ಉಳಿಯುವ ಭಯ ಎಷ್ಟಿರಬೇಕು.

ಹೊರಗೇ ಉಳಿದವು ಎರಡು, ಕಾರ್ವಾಲಿಸ್‌ನ ಆರೆಗನ್ ಸ್ಟೇಟ್ ಮತ್ತು ಪುಲ್‌ಮನ್‌ನ ವಾಷಿಂಗ್ಟನ್ ಸ್ಟೇಟ್. ಪುಲ್‌ಮನ್ ಗೋಧಿ ಬೆಳೆಯುವ ಪಲೂಸ್ ಗುಡ್ಡಗಳ ನಡುವಿನ ಊರು. ಅಲ್ಲಿನ ಸ್ಟೇಡಿಯಂನಲ್ಲಿ ಸುಮಾರು 33,000 ಜನ ಕೂರಬಹುದು, ಹೆಚ್ಚೂಕಡಿಮೆ ಇಡೀ ಊರೇ ಅದರೊಳಗೆ ಹಿಡಿಸುತ್ತದೆ. ಆ ತಂಡ ಆಟದಲ್ಲಿ ಸೋತು ಹೊರಬಿದ್ದದ್ದಲ್ಲ. ಕಾನ್ಫರೆನ್ಸ್ ಒಡೆದ ಮೇಲೆ, 2024ರ ಸೆಪ್ಟೆಂಬರ್‌ನಲ್ಲಿ ಸಿಯಾಟಲ್‌ನಲ್ಲಿ ನಡೆದ ಆ್ಯಪಲ್ ಕಪ್ ಪಂದ್ಯದಲ್ಲಿ ಬಿಗ್ ಟೆನ್ ಸೇರಿದ್ದ ವಾಷಿಂಗ್ಟನ್ ತಂಡವನ್ನು ಅದು 24–19ರಿಂದ ಸೋಲಿಸಿತು. 1900ರಿಂದ ಆಡುತ್ತಿರುವ ಎದುರಾಳಿಗಳು ಇವರು. ಒಬ್ಬರಿಗೆ ಸಿಯಾಟಲ್‌ನ ಟಿವಿ ಮಾರುಕಟ್ಟೆ ಇತ್ತು, ಇನ್ನೊಬ್ಬರಿಗೆ ಗೋಧಿ ಹೊಲಗಳಿದ್ದವು. ಆಟಕ್ಕೂ ಪಾಲಿಗೂ ಸಂಬಂಧ ಇರಲಿಲ್ಲ.

ಬೆಲೆ ತೆತ್ತವರು ಬರೀ ಫುಟ್‌ಬಾಲ್ ಆಟಗಾರರಲ್ಲ. 2025ರಲ್ಲಿ ವಾಷಿಂಗ್ಟನ್ ಸ್ಟೇಟ್ ತನ್ನ ಅಥ್ಲೆಟಿಕ್ಸ್ ತಂಡದಲ್ಲಿ ಎಸೆತ ಮತ್ತು ಜಿಗಿತದ ವಿಭಾಗಗಳನ್ನು ನಿಲ್ಲಿಸಿತು. 1978ರಲ್ಲಿ ಕೀನ್ಯಾದ ಹೆನ್ರಿ ರೋನೊ ಅಲ್ಲಿ ವಿದ್ಯಾರ್ಥಿಯಾಗಿದ್ದಾಗ 81 ದಿನಗಳಲ್ಲಿ ನಾಲ್ಕು ವಿಶ್ವದಾಖಲೆ ಬರೆದಿದ್ದರು. ಬಡ ದೇಶದ ಹುಡುಗನೊಬ್ಬ ಅಮೆರಿಕದ ಸಣ್ಣ ಊರಿಗೆ ಬಂದು ಓದುತ್ತ ಓಡುತ್ತ ಜಗತ್ತಿನ ಮುಂದೆ ನಿಲ್ಲುವುದು ಸಾಧ್ಯವಾಗಿದ್ದ ಮೈದಾನ ಅದು. ಈಜು, ಕುಸ್ತಿ, ಜಿಮ್ನಾಸ್ಟಿಕ್ಸ್, ಓಟ ಇವೆಲ್ಲ ಇಲ್ಲಿ ಫುಟ್‌ಬಾಲಿನ ಹಣದಲ್ಲೇ ಉಸಿರಾಡುತ್ತವೆ. ಹಣ ಮೂವತ್ತನಾಲ್ಕು ಕಡೆ ಮಾತ್ರ ಗುಡ್ಡೆಯಾದರೆ ಮಿಕ್ಕ ನೂರಾರು ಕಡೆ ಈ ಆಟಗಳು ಒಂದೊಂದಾಗಿ ಸಾಯುತ್ತವೆ.

ಗುಡ್ಡೆ ಈಗಾಗಲೇ ಆಗಿದೆ. ಸೀಸನ್ನಿನ ಕೊನೆಗೆ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇಆಫ್ ಟೂರ್ನಿಯ ಹೊಸ ಟಿವಿ ಒಪ್ಪಂದ 2026ರ ಸೀಸನ್ನಿನಿಂದ ಆರು ವರ್ಷಕ್ಕೆ 780 ಕೋಟಿ ಡಾಲರ್. ಅದರಲ್ಲಿ ಬಿಗ್ ಟೆನ್‌ಗೆ ಶೇ 29, ಎಸ್‌ಇಸಿಗೆ ಶೇ 29, ಎಸಿಸಿಗೆ ಸುಮಾರು ಶೇ 17, ಬಿಗ್ 12 ಎಂಬ ಕಾನ್ಫರೆನ್ಸಿಗೆ ಸುಮಾರು ಶೇ 15. ಅರವತ್ತಕ್ಕೂ ಹೆಚ್ಚು ಸಣ್ಣ ವಿಶ್ವವಿದ್ಯಾಲಯಗಳಿಗೆ ಎಲ್ಲ ಸೇರಿ ಸುಮಾರು ಶೇ 9. ನಿಮ್ಮ ಒಂದೊಂದು ವಿಶ್ವವಿದ್ಯಾಲಯಕ್ಕೆ ವರ್ಷಕ್ಕೆ 2 ಕೋಟಿ ಡಾಲರ್‌ಗಿಂತ ಹೆಚ್ಚು, ಅವರಲ್ಲಿ ಒಬ್ಬರಿಗೆ ಅದರ ಹತ್ತನೇ ಒಂದು ಭಾಗವೂ ಇಲ್ಲ.

ನಿಮ್ಮ ಉತ್ತರ ನನಗೆ ಗೊತ್ತು. ಜನ ನೋಡುವುದು ನಮ್ಮ ತಂಡಗಳನ್ನು, ಹಾಗಾಗಿ ಹಣ ನಮ್ಮದು ಎನ್ನುತ್ತೀರಿ. ಎಸಿಸಿ ಕೂಡ 2025ರಲ್ಲಿ ಫ್ಲಾರಿಡಾ ಸ್ಟೇಟ್ ಮತ್ತು ಕ್ಲೆಮ್ಸನ್ ಹೂಡಿದ ದಾವೆಗಳನ್ನು ಮುಗಿಸಲು, ಟಿವಿ ಹಣದ ದೊಡ್ಡ ಭಾಗವನ್ನು ವೀಕ್ಷಕರ ಸಂಖ್ಯೆಯ ಮೇಲೆ ಹಂಚಲು ಒಪ್ಪಿತು. ಆದರೆ ವೀಕ್ಷಕರ ಸಂಖ್ಯೆ ಒಂದೇ ತಂಡದ ದುಡಿಮೆ ಹೇಗಾಗುತ್ತದೆ? ಮೈಸೂರು ದಸರಾ ಕುಸ್ತಿಗೆ ಮೊದಲು ಜೋಡಿ ಕಟ್ಟುತ್ತಾರೆ. ಜೋಡಿ ಸಿಗದ ಪೈಲ್ವಾನ ಎಷ್ಟೇ ಬಲಶಾಲಿಯಾಗಿರಲಿ, ಅಖಾಡಕ್ಕಿಳಿದು ಒಬ್ಬನೇ ತೊಡೆ ತಟ್ಟುವುದನ್ನು ನೋಡಲು ಜನ ಬರುವುದಿಲ್ಲ. ಓಹಾಯೋ ಸ್ಟೇಟ್ ಎದುರು ಇನ್ನೊಂದು ತಂಡ ನಿಂತಾಗಲೇ ಅದು ಪಂದ್ಯ, ಆಗಲೇ ಟಿಕೆಟ್‌ಗೆ ಬೆಲೆ. ಹಾಗೆ ನೋಡಿದರೆ 2014ರಲ್ಲಿ ರಟ್ಗರ್ಸ್ ಮತ್ತು ಮೇರಿಲ್ಯಾಂಡ್‌ಗಳನ್ನು ಬಿಗ್ ಟೆನ್ ಸೇರಿಸಿಕೊಂಡದ್ದು ನ್ಯೂಯಾರ್ಕ್, ವಾಷಿಂಗ್ಟನ್ ಡಿ.ಸಿ. ಸುತ್ತಲಿನ ಕೇಬಲ್ ಮನೆಗಳಿಗಾಗಿ. ಅಂದು ಲೆಕ್ಕಕ್ಕೆ ಬಂದದ್ದು ಭೂಪಟ, ಗೆಲುವಲ್ಲ.

ಈ ಜಂಜಾಟವನ್ನು ಎನ್‌ಎಫ್‌ಎಲ್ 1961ರಲ್ಲೇ ಬಗೆಹರಿಸಿಕೊಂಡಿತು. ಅಂದಿನ ಕಮಿಷನರ್ ಪೀಟ್ ರೊಜೆಲ್ ನ್ಯೂಯಾರ್ಕ್, ಷಿಕಾಗೊದಂಥ ದೊಡ್ಡ ಊರುಗಳ ಮಾಲೀಕರನ್ನು ಒಪ್ಪಿಸಿದರು, ತಂಡಗಳು ಟಿವಿ ಹಕ್ಕನ್ನು ಒಟ್ಟಾಗಿ ಮಾರಲು ಬಿಡುವ ಕ್ರೀಡಾ ಪ್ರಸಾರ ಕಾಯ್ದೆಯನ್ನು ಅಮೆರಿಕದ ಸಂಸತ್ತು ಅಂಗೀಕರಿಸಿತು. ರಾಷ್ಟ್ರೀಯ ಟಿವಿ ಹಣ ಎಲ್ಲ ತಂಡಗಳಿಗೂ ಸಮಪಾಲು. ಟಿಕೆಟ್ ಹಣದಲ್ಲೂ ಸುಮಾರು ಮೂರನೇ ಒಂದು ಭಾಗ ಪ್ರವಾಸಿ ತಂಡಗಳ ಸಾಮಾನ್ಯ ನಿಧಿಗೆ ಹೋಗುತ್ತದೆ. ಅದರಿಂದಲೇ ಲಕ್ಷದಷ್ಟು ಜನಸಂಖ್ಯೆಯ ಗ್ರೀನ್ ಬೇ ಊರಿನ ತಂಡ ಇಂದಿಗೂ ನ್ಯೂಯಾರ್ಕ್‌ನ ತಂಡಗಳಿಗೆ ಸರಿಸಮವಾಗಿ ನಿಂತಿದೆ. ಲಾಭವೇ ಗುರಿಯಾದ ಕೋಟ್ಯಧೀಶರು ಇದನ್ನು ಮಾಡಿಕೊಂಡರು. ಶಿಕ್ಷಣವೇ ಗುರಿ ಎಂದು ಹೇಳಿ ತೆರಿಗೆ ವಿನಾಯಿತಿ ಪಡೆಯುವ ನೀವು ಮಾಡಿಲ್ಲ.

ನೀವು ಸಣ್ಣವರಿಗೆ ಕೊಡುವುದು ಪಂದ್ಯದ ಕೂಲಿ ಮಾತ್ರ. ದೊಡ್ಡ ತಂಡ ತನ್ನ ಊರಿಗೆ ಕರೆಸಿ ಆಡಿಸಿ, ಒಂದು ಮೊತ್ತ ಕೊಟ್ಟು ಕಳಿಸುತ್ತದೆ, ತಿರುಗಿ ಅವರ ಊರಿಗೆ ಹೋಗುವುದು ಅಪರೂಪ. 2024ರಲ್ಲಿ ನೋಟ್ರ ಡೇಮ್ 14 ಲಕ್ಷ ಡಾಲರ್ ಕೊಟ್ಟು ನಾರ್ದರ್ನ್ ಇಲಿನಾಯ್ ತಂಡವನ್ನು ಕರೆಸಿ 16–14ರಿಂದ ಸೋತಿತು. ಗೆದ್ದವರಿಗೂ ಅಷ್ಟೇ ಕೂಲಿ.

ಈಗ ನಿಮ್ಮೊಳಗೇ ಬಿರುಕು ಬಿಡುತ್ತಿದೆ. 2025ರ ಶರತ್ಕಾಲದಲ್ಲಿ ಬಿಗ್ ಟೆನ್ ಮುಂದೆ ಬಂದ ಯೋಜನೆಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹೂಡಿಕೆ ಸಂಸ್ಥೆ ಸುಮಾರು 240 ಕೋಟಿ ಡಾಲರ್ ಹಾಕಿ ಶೇ 10ರ ಪಾಲು ಪಡೆಯುವುದಿತ್ತು, ದೊಡ್ಡ ವಿಶ್ವವಿದ್ಯಾಲಯಗಳಿಗೆ ಸಣ್ಣವಕ್ಕಿಂತ ಹೆಚ್ಚು ಸಿಗುವುದಿತ್ತು. ಮಿಷಿಗನ್ ಮತ್ತು ಯುಎಸ್‌ಸಿ ಒಪ್ಪದೆ ಆ ವರ್ಷ ಅದು ನಿಂತಿತು. ಪರ್ಡ್ಯೂ, ನಾರ್ತ್‌ವೆಸ್ಟರ್ನ್, ಮಿಸಿಸಿಪಿ ಸ್ಟೇಟ್‌ಗಳ ಅಧ್ಯಕ್ಷರೇ, ಪ್ಯಾಕ್–12ರಲ್ಲಿ ವಾಷಿಂಗ್ಟನ್ ಸ್ಟೇಟ್ ಕೂಡ ಒಂದು ಕಾಲದಲ್ಲಿ ಸಮಪಾಲಿನ ಸದಸ್ಯನೇ ಆಗಿತ್ತು. ಇವತ್ತು ನೀವು ಒಪ್ಪುವ ಅಳತೆಗೋಲು ನಾಳೆ ನಿಮ್ಮನ್ನೂ ಅಳೆಯುತ್ತದೆ.

ನಾನು ಕೇಳುತ್ತಿರುವುದು ಹೀಗಿದೆ. ಕಾನ್ಫರೆನ್ಸಿನ ಪ್ರತಿ ಪಂದ್ಯದ ಟಿಕೆಟ್ ಹಣದಲ್ಲಿ, ಕಡ್ಡಾಯ ‘ದೇಣಿಗೆ’ಯನ್ನೂ ಸೇರಿಸಿ, ಮೂರನೇ ಒಂದು ಭಾಗ ಸಾಮಾನ್ಯ ನಿಧಿಗೆ ಹೋಗಲಿ, ಅಲ್ಲಿಂದ ಸಮವಾಗಿ ಹಂಚಿಕೆಯಾಗಲಿ. ಕೂಲಿಗೆ ಕರೆಸುವ ಸಣ್ಣ ತಂಡಕ್ಕೂ ಗೇಟ್ ಹಣದಲ್ಲಿ (ಟಿಕೆಟ್ ಹಣದಲ್ಲಿ) ಪಾಲಿರಲಿ, ಅವರ ಊರಿಗೂ ಹೋಗಿ ಆಡಿ. ವಿದ್ಯಾರ್ಥಿ ಟಿಕೆಟ್ಟನ್ನು ಡೈನಾಮಿಕ್ ಬೆಲೆಯಿಂದ ಪೂರ್ತಿ ಹೊರಗಿಡಿ. ಅವರ ಸೀಟುಗಳನ್ನು ಕಿತ್ತು ಐಷಾರಾಮಿ ಬಾಕ್ಸ್ ಕಟ್ಟುವುದನ್ನು ನಿಲ್ಲಿಸಿ. ಆಟಗಾರರ ಪಾಲನ್ನು ಟಿವಿ ಹಣದಿಂದ ಕೊಡಿ, ಅವರ ಹೆಸರಿನಲ್ಲಿ ಶುಲ್ಕ ಹಾಕಬೇಡಿ.

ಟಿವಿ ಹಕ್ಕುಗಳನ್ನು ಒಟ್ಟುಗೂಡಿಸಲು ಕಾಲೇಜುಗಳಿಗೂ ಅವಕಾಶ ಕೊಡುವಂತೆ 1961ರ ಕಾಯ್ದೆಯನ್ನು ತಿದ್ದುವ ಮಸೂದೆಯನ್ನು ವಾಷಿಂಗ್ಟನ್ ರಾಜ್ಯದ ಸೆನೆಟರ್ ಮರಿಯಾ ಕ್ಯಾಂಟ್‌ವೆಲ್ 2025ರಲ್ಲಿ ಮಂಡಿಸಿದ್ದಾರೆ. ಟೆಕ್ಸಸ್ ಟೆಕ್ ಆಡಳಿತ ಮಂಡಳಿಯ ಅಧ್ಯಕ್ಷ ಕೋಡಿ ಕ್ಯಾಂಬೆಲ್, ರಾಜಕೀಯವಾಗಿ ಎದುರು ದಡದವರಾದರೂ, ಒಟ್ಟುಗೂಡಿಸುವುದೇ ದಾರಿ ಎನ್ನುತ್ತಿದ್ದಾರೆ. ಒಟ್ಟಾಗಿ ಮಾರಿದರೆ ಎಲ್ಲರಿಗೂ ಹೆಚ್ಚು ಸಿಗುತ್ತದೆ ಎಂಬ ಅವರ ಅಂದಾಜನ್ನು ನೀವಿಬ್ಬರು ಕಮಿಷನರ್‌ಗಳು ಒಪ್ಪುತ್ತಿಲ್ಲ. ಹಾಗಾದರೆ ನಿಮ್ಮ ಲೆಕ್ಕವನ್ನು ಪೂರ್ತಿಯಾಗಿ ಜನರ ಮುಂದಿಡಿ.

ಕನ್ನಡಿಗ ವಿದ್ಯಾರ್ಥಿಗಳಿಗೂ ಪೋಷಕರಿಗೂ ಒಂದು ಮಾತು. ಟಿವಿ ಹಣ ಸಿಗದ ಸಣ್ಣ ವಿಶ್ವವಿದ್ಯಾಲಯಗಳು ಫುಟ್‌ಬಾಲ್ ತಂಡ ನಡೆಸುವುದು ಬಹುಮಟ್ಟಿಗೆ ನಿಮ್ಮ ಫೀಸಿನಿಂದಲೂ ವಿಶ್ವವಿದ್ಯಾಲಯದ ಬೇರೆ ಹಣದಿಂದಲೂ. ವರ್ಜೀನಿಯಾ ರಾಜ್ಯ 2015ರಲ್ಲಿ ಇದಕ್ಕೆ ಕಾನೂನಿನ ಮಿತಿ ಹಾಕಬೇಕಾಯಿತು. ಆದರೂ ದೊಡ್ಡ ಕಾನ್ಫರೆನ್ಸ್‌ಗಳ ಹೊರಗಿರುವ ಉನ್ನತ ದರ್ಜೆಯ ಫುಟ್‌ಬಾಲ್ ತಂಡದ ವಿಶ್ವವಿದ್ಯಾಲಯಗಳಿಗೆ ಆ ಮಿತಿ ಕ್ರೀಡಾ ವೆಚ್ಚದ ಶೇ 55ರಷ್ಟು ಎತ್ತರದಲ್ಲಿದೆ. ನಿಮ್ಮ ವಿಶ್ವವಿದ್ಯಾಲಯದ ಅಥ್ಲೆಟಿಕ್ಸ್ ಫೀ ಎಷ್ಟು, ಅದು ಎಲ್ಲಿಗೆ ಹೋಗುತ್ತದೆ ಎಂದು ಬರೆದು ಕೇಳಿ. ಸರ್ಕಾರಿ ವಿಶ್ವವಿದ್ಯಾಲಯವಾಗಿದ್ದರೆ ಸಾರ್ವಜನಿಕ ದಾಖಲೆಗಳ ಕಾನೂನಿನಡಿ ಕೇಳಬಹುದು.

ಅಧ್ಯಕ್ಷರೇ, ನಿಮ್ಮಲ್ಲಿ ಬಹುಪಾಲು ಜನ ನಡೆಸುತ್ತಿರುವುದು ರಾಜ್ಯದ ಜನರ ವಿಶ್ವವಿದ್ಯಾಲಯಗಳನ್ನು, ಅವುಗಳ ಆಡಳಿತ ಮಂಡಳಿಯ ಸಭೆಗಳು ಬಹಿರಂಗವಾಗಿ ನಡೆಯಬೇಕಾದವು. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಎರಡು ವಿಷಯ ಸೇರಿಸಿ: ಕಾನ್ಫರೆನ್ಸಿನೊಳಗೆ ಗೇಟ್ ಹಣದ ಹಂಚಿಕೆ, ಮತ್ತು ವಿದ್ಯಾರ್ಥಿ ಟಿಕೆಟ್ ಬೆಲೆಯ ಮಿತಿ. ಚರ್ಚೆ ಜನರೆದುರು ನಡೆಯಲಿ, ಯಾರು ಯಾವ ಕಡೆ ಮತ ಹಾಕಿದರು ಎಂಬುದು ನಡಾವಳಿಯಲ್ಲಿ ದಾಖಲಾಗಲಿ.

ಇಂತಿ,
ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗ, ಹಳೆಯ ವಿದ್ಯಾರ್ಥಿ, ಸೀಸನ್ ಟಿಕೆಟ್‌ದಾರ